ಕೀಪಿಂಗ್ ಮಾಡುವ ಮಗನಿಗೆ ಹೆಲ್ಮೆಟ್ ಬೇಡ ಅಂತಾರೆ ಕೋಚ್. ಏನು ಮಾಡಲಿ?

ಕೀಪರ್ ಅಮ್ಮ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 11 ವರ್ಷ. ಮನೆ ಹತ್ತಿರದ ಒಂದು ಅಕಾಡೆಮಿಯಲ್ಲಿ ಕ್ರಿಕೆಟ್ ಕಲಿಯುತ್ತಿದ್ದಾನೆ. ಈ ವರ್ಷ ಟೆನಿಸ್ ಬಾಲ್ ಬಿಟ್ಟು ಲೆದರ್ ಬಾಲ್‌ಗೆ ಬಂದಿದ್ದಾನೆ. ಬ್ಯಾಟಿಂಗ್ ಮಾಡುವಾಗ ಎಲ್ಲರಿಗೂ ಹೆಲ್ಮೆಟ್ ಹಾಕಿಸುತ್ತಾರೆ, ಅದರಲ್ಲಿ ತಕರಾರಿಲ್ಲ. ಆದರೆ ಇವನು ವಿಕೆಟ್ ಕೀಪರ್, ಸ್ಟಂಪ್ಸ್ ಹಿಂದೆ ನಿಂತು ಚೆಂಡು ಹಿಡಿಯುವವನು. ಸ್ಪಿನ್ನರ್ ಬೌಲಿಂಗ್‌ಗೆ ಬಂದ ಕೂಡಲೇ ಸ್ಟಂಪ್ಸ್‌ಗೆ ಅಂಟಿಕೊಂಡು ಕೂರುತ್ತಾನೆ. ಆಗ ತಲೆ ಮೇಲೆ ಬರೀ ಕ್ಯಾಪ್.

ಮೊನ್ನೆ ಅಲ್ಲೇ ಇನ್ನೊಬ್ಬ ಹುಡುಗ ಕೀಪಿಂಗ್ ಮಾಡುತ್ತಿದ್ದ. ಬ್ಯಾಟಿನ ಅಂಚಿಗೆ ತಾಗಿದ ಚೆಂಡು ನೇರ ಹುಬ್ಬಿಗೆ ಬಡಿಯಿತು. ಹೊಲಿಗೆ ಹಾಕಬೇಕಾಯಿತು. ಕಣ್ಣು ಉಳಿದದ್ದೇ ಪುಣ್ಯ. ನಾನು ಹೋಗಿ ಕೋಚ್ ಹತ್ತಿರ ಕೇಳಿದೆ. ಹೆಲ್ಮೆಟ್ ಹಾಕಿದರೆ ಚೆಂಡು ಸರಿಯಾಗಿ ಕಾಣಲ್ಲ ಅಂದರು. ಹೆಲ್ಮೆಟ್‌ಗೆ ಬಡಿದು ಬಂದ ಕ್ಯಾಚ್ ಹಿಡಿದರೂ ಔಟ್ ಕೊಡಲ್ಲ ಅಂದರು. ಈಗಲೇ ರೂಢಿ ಮಾಡಿಸಿದರೆ ಹುಡುಗ ಪುಕ್ಕಲ ಆಗುತ್ತಾನೆ, ನಾವೆಲ್ಲ ಹೀಗೇ ಆಡಿ ಬಂದವರು ಮೇಡಂ ಅಂದರು.

ನನಗೆ ಆಟದ ನಿಯಮ ಅಷ್ಟಾಗಿ ಗೊತ್ತಿಲ್ಲ. ಅವರು ಹೇಳಿದ್ದರಲ್ಲಿ ನಿಜ ಎಷ್ಟು? ಇದಕ್ಕೆ ಏನಾದರೂ ನಿಯಮ ಇದೆಯಾ? ಹೆಲ್ಮೆಟ್ ಕೊಡಿಸೋದಾದರೆ ಬ್ಯಾಟಿಂಗ್‌ನದ್ದೇ ಸಾಕಾ, ಬೇರೆ ಬೇಕಾ? ಗೊತ್ತಿರುವವರು ದಯವಿಟ್ಟು ಹೇಳಿ.

ಹಳೇ ಅಂಪೈರ್

ಮೇಡಂ, ಮೊದಲು ಆ ಕ್ಯಾಚ್ ವಿಷಯ. ಅದು ಹಳೇ ಕಾನೂನು. 2017ರ ಅಕ್ಟೋಬರ್‌ನಲ್ಲಿ ಎಂಸಿಸಿಯ (ಕ್ರಿಕೆಟ್ ನಿಯಮ ಬರೆಯುವ ಲಂಡನ್ನಿನ ಕ್ಲಬ್) ಹೊಸ ನಿಯಮಾವಳಿ ಬಂದಾಗಲೇ ಹೋಯಿತು. ಈಗ ಕೀಪರ್ ಅಥವಾ ಫೀಲ್ಡರ್ ತೊಟ್ಟ ಹೆಲ್ಮೆಟ್‌ಗೆ ಬಡಿದು ಬಂದ ಚೆಂಡನ್ನು ಹಿಡಿದರೆ ಔಟ್. ಕೀಪರ್ ಹೆಲ್ಮೆಟ್‌ಗೆ ತಾಗಿ ಚೆಂಡು ಸ್ಟಂಪ್ಸ್‌ಗೆ ಹೋದರೆ ಸ್ಟಂಪಿಂಗ್ ಕೂಡ ಉಂಟು. ಎಷ್ಟೋ ಕೋಚ್‌ಗಳು ಇನ್ನೂ ಹಳೇದನ್ನೇ ಹಿಡಿದುಕೊಂಡಿದ್ದಾರೆ. ಅವರು ಆಡುವಾಗ ಹಾಗಿತ್ತು, ಅಷ್ಟೇ.

ಇನ್ನೊಂದು ನಿಯಮ ಇದೆ. ಅದರಿಂದಲೇ ಮಕ್ಕಳ ಪಂದ್ಯದಲ್ಲಿ ಕೀಪರ್‌ಗಳು ಹೆಲ್ಮೆಟ್ ಹಾಕದೆ ಉಳಿಯುತ್ತಾರೆ ಅಂತ ನನ್ನ ಅನಿಸಿಕೆ. ಬಳಸದ ಹೆಲ್ಮೆಟ್ ನೆಲದ ಮೇಲಿಟ್ಟಾಗ ಆಟದ ಚೆಂಡು ಅದಕ್ಕೆ ತಾಗಿದರೆ ಫೀಲ್ಡಿಂಗ್ ತಂಡಕ್ಕೆ ದಂಡ, ಬ್ಯಾಟಿಂಗ್ ತಂಡಕ್ಕೆ 5 ರನ್ ಸಿಗುತ್ತದೆ. ಇಡುವುದಾದರೆ ಕೀಪರ್ ಹಿಂದೆ, ಎರಡೂ ಕಡೆಯ ಸ್ಟಂಪ್ಸ್‌ನ ಗೆರೆಯಲ್ಲೇ ಇಡಬೇಕು. ಚಿಕ್ಕ ಮಕ್ಕಳ ಪಂದ್ಯದಲ್ಲಿ ಕೀಪರ್ ಬಿಟ್ಟ ಚೆಂಡು ಉರುಳುವುದೂ ಅದೇ ದಾರಿಯಲ್ಲಿ. ಒಂದು ಸಲ 5 ರನ್ ಹೋದ ಮೇಲೆ ಕ್ಯಾಪ್ಟನ್‌ಗಳು "ಹೆಲ್ಮೆಟ್ ಒಳಗೆ ತರಲೇ ಬೇಡ" ಅಂತ ಬೌಂಡರಿ ಆಚೆ ಇಡಿಸುತ್ತಾರೆ. ಆಮೇಲೆ ಸ್ಪಿನ್ನರ್ ಬಂದಾಗ ಅಲ್ಲಿಂದ ತರಿಸಲು ಯಾರಿಗೂ ಪುರಸೊತ್ತಿಲ್ಲ. ಪರಿಹಾರ ಸುಲಭ. ಓವರ್‌ಗಳ ನಡುವೆ 12ನೇ ಆಟಗಾರ ತಂದುಕೊಡಲಿ, ವಾಪಸ್ ಒಯ್ಯಲಿ. ನಾನು ನಿಂತ ಪಂದ್ಯಗಳಲ್ಲಿ ಇದಕ್ಕೆ ಯಾವತ್ತೂ ಬೇಡ ಅಂದಿಲ್ಲ, ಟೈಮ್ ವೇಸ್ಟ್ ಅಂತ ಗದರಿಸಿಲ್ಲ.

ದೊಡ್ಡವರ ಆಟದಲ್ಲಿ 2023ರ ಜೂನ್ 1ರಿಂದ ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿ ಐಸಿಸಿ ಮೂರು ಕಡೆ ಹೆಲ್ಮೆಟ್ ಕಡ್ಡಾಯ ಮಾಡಿದೆ. ವೇಗದ ಬೌಲರ್ ಎದುರು ಬ್ಯಾಟ್ ಮಾಡುವವರು, ಸ್ಟಂಪ್ಸ್ ಹತ್ತಿರ ನಿಲ್ಲುವ ಕೀಪರ್, ಬ್ಯಾಟರ್‌ಗೆ ತೀರಾ ಹತ್ತಿರ ಮುಂದೆ ನಿಲ್ಲುವ ಫೀಲ್ಡರ್. ಅಂತಾರಾಷ್ಟ್ರೀಯ ಕೀಪರ್‌ಗೇ ಕಡ್ಡಾಯ ಅಂದ ಮೇಲೆ 11 ವರ್ಷದ ಹುಡುಗನಿಗೆ ಯಾಕೆ ಬೇಡ?

ಮೈಸೂರು ಕೋಚ್

ನಾನೂ ಮಕ್ಕಳಿಗೆ ಕಲಿಸುವವನು. ಆ ಕೋಚ್ ಹೇಳಿದ್ದರಲ್ಲಿ ಒಂದು ಮಾತು ಪೂರ್ತಿ ಸುಳ್ಳಲ್ಲ. ಬ್ಯಾಟಿಂಗ್ ಹೆಲ್ಮೆಟ್ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತು ಮೇಲೆ ನೋಡಿ. ಮುಂದಿನ ಛಜ್ಜೆ ಕಣ್ಣಿಗೆ ಅಡ್ಡ ಬರುತ್ತದೆ. ಚೆಂಡು ನೆಲಕ್ಕೆ ಬಿದ್ದ ಮೇಲೆ ಕೆಳಗೆ ನೋಡುವಾಗ ಗ್ರಿಲ್‌ನ ಸರಳು ಅಡ್ಡ ಬರುತ್ತದೆ. ಹೊಸದಾಗಿ ಹಾಕಿದ ಮಗು ಮೊದಮೊದಲು ಕ್ಯಾಚ್ ಬಿಡುತ್ತೆ, ತಲೆ ಎತ್ತಿ ಮುಖ ತಿರುಗಿಸುತ್ತೆ. ಅದನ್ನು ನೋಡಿ ಕೋಚ್‌ಗಳು "ತೆಗಿ ಅದನ್ನ" ಅಂದುಬಿಡುತ್ತಾರೆ.

ಆದರೆ ಅದಕ್ಕೆ ಮದ್ದು ಅಭ್ಯಾಸ. ನಾನು ಮಾಡಿಸುವುದು ಹೀಗೆ. ಮೊದಲು ಹೆಲ್ಮೆಟ್ ಹಾಕಿಸಿ ಟೆನಿಸ್ ಬಾಲ್‌ನಲ್ಲಿ ಕೀಪಿಂಗ್. ನಾನು ಮುಂದೆ ಮಂಡಿಯೂರಿ ಕೂತು ಚೆಂಡನ್ನು ಕೆಳಗಿಂದ ಎಸೆಯುತ್ತೇನೆ. ನಡುವೆ ಇನ್ನೊಬ್ಬ ಹುಡುಗ ಬ್ಯಾಟ್ ಬೀಸುತ್ತಾನೆ, ಬೇಕಂತಲೇ ಚೆಂಡಿಗೆ ತಾಗಿಸುವುದಿಲ್ಲ. ಕೀಪರ್ ಕಣ್ಣು ಮಿಟುಕಿಸದೆ ಗ್ಲೌಸ್ ಒಳಗೆ ಚೆಂಡು ಬರುವ ತನಕ ನೋಡಬೇಕು. ಮಧ್ಯೆ ಮಧ್ಯೆ ಚೆಂಡು ಗ್ರಿಲ್‌ಗೆ ಟಕ್ ಅಂತ ಬಡಿಯುತ್ತದೆ. ನೋವಾಗಲಿಲ್ಲ ಅಂತ ಹುಡುಗನಿಗೆ ಗೊತ್ತಾದ ಮೇಲೆ ತಲೆ ಆಚೆ ಈಚೆ ಹೋಗುವುದು ನಿಲ್ಲುತ್ತದೆ. ಪುಕ್ಕಲ ಆಗುವುದಿರಲಿ, ಧೈರ್ಯ ಬರುವುದೇ ಆಗ. ಹೆಲ್ಮೆಟ್ ಇಲ್ಲದೆ ಒಮ್ಮೆ ಮುಖಕ್ಕೆ ತಿಂದ ಹುಡುಗನ ಕಣ್ಣು ಮುಚ್ಚುವ ಚಟ ಬಿಡಿಸುವುದು ಎಷ್ಟು ಕಷ್ಟ ಅಂತ ನನ್ನಂಥವರಿಗೆ ಗೊತ್ತು.

ನಿಮ್ಮ ಇನ್ನೊಂದು ಪ್ರಶ್ನೆಗೆ: ಕೀಪರ್‌ಗಳಿಗೆ ಅಂತಲೇ ಹೆಲ್ಮೆಟ್ ಬರುತ್ತದೆ. ಛಜ್ಜೆ ಚಿಕ್ಕದು ಅಥವಾ ಇರುವುದಿಲ್ಲ, ಹಗುರ. ಬಜೆಟ್ ಇದ್ದರೆ ಅದು ಒಳ್ಳೆಯದು. ಇಲ್ಲದಿದ್ದರೆ ಅಳತೆ ಸರಿಯಿರುವ ಬ್ಯಾಟಿಂಗ್ ಹೆಲ್ಮೆಟ್‌ನಲ್ಲೇ ಶುರು ಮಾಡಿಸಿ. ಬರೀ ಕ್ಯಾಪ್ ಮಾತ್ರ ಬೇಡ.

ಶಿವಮೊಗ್ಗ ಅಪ್ಪ

ಒಂದು ಅನುಮಾನ. ಹತ್ತು ಹನ್ನೊಂದು ವರ್ಷದ ಸ್ಪಿನ್ನರ್ ಎಷ್ಟು ಜೋರಾಗಿ ಹಾಕುತ್ತಾನೆ? ವೇಗದ ಬೌಲಿಂಗ್‌ಗೆ ಕೀಪರ್ ಹೇಗೂ ಹಿಂದೆ ನಿಲ್ಲುತ್ತಾನೆ. ಸ್ಪಿನ್‌ಗೂ ಹೆಲ್ಮೆಟ್ ಅನ್ನುವುದು ಸ್ವಲ್ಪ ಜಾಸ್ತಿ ಆಗಲಿಲ್ವಾ?

ಹಳೇ ಅಂಪೈರ್

ಇಲ್ಲ ಸರ್, ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್. ಸ್ಟಂಪ್ಸ್ ಹಿಂದೆ ಕೂತ ಕೀಪರ್‌ನ ಮುಖಕ್ಕೂ ಬ್ಯಾಟಿಗೂ ನಡುವೆ ಇರುವುದು ಒಂದೂವರೆ ಎರಡು ಮೀಟರ್. ಅಂಚಿಗೆ ತಾಗಿ ದಿಕ್ಕು ಬದಲಿಸಿದ ಚೆಂಡು ಅಷ್ಟು ದೂರ ಬರಲು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಸಮಯ ಸಾಕು. ಮನುಷ್ಯ ಕಣ್ಣಲ್ಲಿ ಕಂಡು ಕೈ ಆಡಿಸಲು ಅದರ ಎರಡು ಪಟ್ಟು ಬೇಕು. ಧೋನಿಯನ್ನೇ ಕೂರಿಸಿದರೂ ಈ ಲೆಕ್ಕ ಬದಲಾಗಲ್ಲ.

ಕೀಪರ್‌ಗಳು ಕಣ್ಣು ಕಳೆದುಕೊಂಡದ್ದೂ ಸ್ಪಿನ್‌ಗೇ. 2000ದ ಏಷ್ಯಾ ಕಪ್, ಢಾಕಾ. ಬೌಲರ್ ನಮ್ಮ ಅನಿಲ್ ಕುಂಬ್ಳೆ, ಕೀಪರ್ ಸಬಾ ಕರೀಂ. ಚೆಂಡು ಬ್ಯಾಟರ್‌ನ ಶೂಗೆ ಬಡಿದು ಚಿಮ್ಮಿ ಬಲಗಣ್ಣಿಗೆ ಬಿತ್ತು. ಅವರ ಕ್ರಿಕೆಟ್ ಬದುಕು ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು. 2012ರ ಜುಲೈನಲ್ಲಿ ಇಂಗ್ಲೆಂಡಿನ ಟಾಂಟನ್‌ನಲ್ಲಿ ದಕ್ಷಿಣ ಆಫ್ರಿಕಾದ ಮಾರ್ಕ್ ಬೌಚರ್‌ಗೆ ಆದದ್ದು ಇನ್ನೂ ಘೋರ. ಇಮ್ರಾನ್ ತಾಹಿರ್ ಲೆಗ್ ಸ್ಪಿನ್ ಹಾಕುತ್ತಿದ್ದರು. ಬ್ಯಾಟರ್ ಬೌಲ್ಡ್ ಆದ. ಕಣ್ಣಿಗೆ ಬಿದ್ದದ್ದು ಚೆಂಡಲ್ಲ, ಹಾರಿದ ಬೇಲ್, ಸ್ಟಂಪ್ಸ್ ಮೇಲಿನ ಚಿಕ್ಕ ಕಡ್ಡಿ! ತಲೆಗೆ ಹೆಲ್ಮೆಟ್ ಇರಲಿಲ್ಲ. ಮರುದಿನವೇ ಅಂತಾರಾಷ್ಟ್ರೀಯ ಕ್ರಿಕೆಟ್‌ಗೆ ವಿದಾಯ ಹೇಳಿದರು. ಅಷ್ಟು ಅನುಭವ ಇದ್ದ ಕೀಪರ್ ಅವರು.

ಹತ್ತಿರ ನಿಲ್ಲುವ ಫೀಲ್ಡರ್‌ಗಳ ವಿಷಯವೂ ಅಷ್ಟೇ. 1998ರ ಫೆಬ್ರವರಿಯಲ್ಲಿ ಢಾಕಾದಲ್ಲೇ ಭಾರತದ ಮಾಜಿ ಆಟಗಾರ ರಮಣ್ ಲಾಂಬಾ ಬ್ಯಾಟರ್ ಪಕ್ಕದಲ್ಲೇ, ಶಾರ್ಟ್ ಲೆಗ್‌ನಲ್ಲಿ, ಹೆಲ್ಮೆಟ್ ಇಲ್ಲದೆ ನಿಂತಿದ್ದರು. ಅಲ್ಲೂ ಸ್ಪಿನ್ನರ್. ತಲೆಗೆ ಪೆಟ್ಟು ಬಿದ್ದು ಮೂರು ದಿನದಲ್ಲಿ ತೀರಿಕೊಂಡರು.

ಲೆಸ್ಟರ್ ಕನ್ನಡಿಗ

ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ. ಇಲ್ಲಿ ನನ್ನ ಮಗಳು ಕ್ಲಬ್ಬಿನಲ್ಲಿ ಆಡುತ್ತಾಳೆ, ವಾರಾಂತ್ಯದಲ್ಲಿ ನಾನೂ ಜೂನಿಯರ್ ಟೀಮ್‌ಗೆ ಕೈಜೋಡಿಸುತ್ತೇನೆ. ಇಲ್ಲಿನ ಕ್ರಿಕೆಟ್ ಮಂಡಳಿ ಇಸಿಬಿ 2000ದಿಂದಲೇ ಇದಕ್ಕೆ ಮಾರ್ಗದರ್ಶಿ ಇಟ್ಟಿದೆ. 18 ವರ್ಷದೊಳಗಿನ ಯಾರೇ ಆಗಲಿ, ಗಟ್ಟಿ ಚೆಂಡಿನಲ್ಲಿ ಬ್ಯಾಟ್ ಮಾಡಲು ಮುಖದ ಗಾರ್ಡ್ ಇರುವ ಹೆಲ್ಮೆಟ್ ಬೇಕು. ಕೀಪರ್ ಸ್ಟಂಪ್ಸ್ ಹತ್ತಿರ ನಿಂತರೆ ಅವನಿಗೂ ಬೇಕು. ಪಂದ್ಯಕ್ಕೆ ಮಾತ್ರ ಅಲ್ಲ, ನೆಟ್ಸ್‌ಗೂ ಇದೇ ಮಾತು. ದೊಡ್ಡವರ ತಂಡದಲ್ಲಿ 16 ವರ್ಷದ ಹುಡುಗ ಆಡಿದರೂ ಬಿಡುವುದಿಲ್ಲ.

ನನಗೆ ಇದರಲ್ಲಿ ತುಂಬಾ ಹಿಡಿಸುವುದು ಫೀಲ್ಡಿಂಗ್ ದೂರದ ನಿಯಮ. 13 ವರ್ಷದೊಳಗಿನ ಮಕ್ಕಳು ಸ್ಟಂಪ್ಸ್‌ನಿಂದ 11 ಗಜ, ಅಂದರೆ 10 ಮೀಟರ್ ಒಳಗೆ ಬರುವ ಹಾಗಿಲ್ಲ. 15 ವರ್ಷದೊಳಗಿನವರಿಗೆ 8 ಗಜ. ಕೀಪರ್‌ಗೆ ಮತ್ತು ಆಫ್ ಸೈಡ್‌ನಲ್ಲಿ ಸ್ಟಂಪ್ಸ್ ಹಿಂದೆ ನಿಲ್ಲುವ ಸ್ಲಿಪ್, ಗಲ್ಲಿ ಕಡೆಯವರಿಗೆ ಮಾತ್ರ ವಿನಾಯಿತಿ. ಹೆಲ್ಮೆಟ್ ಹಾಕಿದ್ದೇನೆ ಅಂದರೂ ಒಳಗೆ ಬಿಡಲ್ಲ. ಚೆಂಡು ಬಿಡುವ ಮೊದಲೇ ಅಂಪೈರ್ ಆಟ ನಿಲ್ಲಿಸಿ ಹುಡುಗನನ್ನು ಹಿಂದಕ್ಕೆ ಕಳಿಸುತ್ತಾರೆ. ಅದನ್ನು ಯಾರೂ ಅವಮಾನ ಅಂದುಕೊಳ್ಳುವುದಿಲ್ಲ.

ಹೆಲ್ಮೆಟ್ ಕೊಳ್ಳುವಾಗ ಒಳಗಿನ ಚೀಟಿ ನೋಡಿ. ಬಿಎಸ್ 7928:2013 ಅಂತ ಇರಬೇಕು. ಇದು ಬ್ರಿಟಿಷ್ ಪ್ರಮಾಣ, ಐಸಿಸಿ ಒಪ್ಪುವುದೂ ಇದನ್ನೇ. 2013ಕ್ಕೆ ಮುಂಚಿನ ಪ್ರಮಾಣದಲ್ಲಿ ಮುಖದ ಕಡೆ ಸರಿಯಾದ ಪರೀಕ್ಷೆ ಇರಲಿಲ್ಲ. ಈಗ ಚೆಂಡನ್ನು ನೇರ ಗ್ರಿಲ್‌ಗೇ ಹೊಡೆದು ನೋಡುತ್ತಾರೆ. ಸಂದಿಯಲ್ಲಿ ಚೆಂಡು ತೂರಬಾರದು. ಗ್ರಿಲ್ ಒಳಕ್ಕೆ ಬಾಗಿ ಮುಖಕ್ಕೂ ತಾಗಬಾರದು. ಮಕ್ಕಳ ಚೆಂಡಿಗೆ ಬೇರೆ ಪರೀಕ್ಷೆ ಇದೆ, ಚೀಟಿಯಲ್ಲಿ ಅದನ್ನೂ ಬರೆದಿರುತ್ತಾರೆ. ಇದು ಮುಖ್ಯ. 13 ವರ್ಷದೊಳಗಿನವರ ಚೆಂಡು 133ರಿಂದ 144 ಗ್ರಾಂ, ಸುತ್ತಳತೆಯೂ ಕಡಿಮೆ. ದೊಡ್ಡವರ ಚೆಂಡು 156ರಿಂದ 163 ಗ್ರಾಂ. ದೊಡ್ಡ ಚೆಂಡನ್ನು ತಡೆಯುವ ಸಂದಿಯಲ್ಲಿ ಚಿಕ್ಕ ಚೆಂಡು ಒಳಗೆ ಬರಬಹುದು. ಅಣ್ಣನ ಹಳೇ ಹೆಲ್ಮೆಟ್ ತಮ್ಮನಿಗೆ ದಾಟಿಸುವ ಮೊದಲು ಇದನ್ನು ನೋಡಲೇಬೇಕು.

ಸ್ಪೋರ್ಟ್ಸ್ ಅಂಗಡಿ, ಬೆಂಗಳೂರು

ಲೆಸ್ಟರ್ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ಕೌಂಟರ್‌ನಲ್ಲಿ ದಿನಾ ನೋಡುವುದನ್ನು ಹೇಳುತ್ತೇನೆ.

ಹತ್ತರಲ್ಲಿ ಎಂಟು ಅಪ್ಪಂದಿರು ಕೇಳುವುದು ಒಂದೇ. "ಮಗ ಬೆಳೀತಾನೆ, ಒಂದು ಸೈಜ್ ದೊಡ್ಡದು ಕೊಡಿ." ಶೂ ಆದರೆ ಕೊಡಬಹುದು, ಹೆಲ್ಮೆಟ್ ಕೊಡಬಾರದು. ದೊಡ್ಡ ಹೆಲ್ಮೆಟ್‌ಗೆ ಪೆಟ್ಟು ಬಿದ್ದಾಗ ಅದು ತಿರುಗುತ್ತದೆ, ಗ್ರಿಲ್‌ನ ಅಂಚೇ ಮೂಗಿಗೆ ಬಡಿಯುತ್ತದೆ. ಟೇಪ್ ತಗೊಂಡು ಹುಬ್ಬಿನ ಮೇಲೆ, ಕಿವಿಯ ಮೇಲಿಂದ ಸುತ್ತಿ ಅಳೆಯಿರಿ. ಹಾಕಿಸಿದ ಮೇಲೆ ಪಟ್ಟಿ ಬಿಗಿಯದೇ ತಲೆ ಅಲ್ಲಾಡಿಸಲು ಹೇಳಿ. ಹೆಲ್ಮೆಟ್ ತಲೆಯ ಜೊತೆಗೇ ಹೋಗಬೇಕು, ಹಿಂದೆ ಉಳಿಯಬಾರದು. ಆಮೇಲೆ ಸೀಲಿಂಗ್ ನೋಡಿಸಿ. ಕೆಲವು ಹೆಲ್ಮೆಟ್ ಆಗ ಹಿಂದಕ್ಕೆ ಜಾರಿ ಹಣೆ ಪೂರ್ತಿ ಬಯಲಾಗುತ್ತದೆ. ಕೀಪರ್ ಅಮ್ಮ, ನಿಮ್ಮ ಮಗನಿಗೆ ಅಂಗಡಿಯಲ್ಲೇ ಕೀಪಿಂಗ್ ಮಾಡುವ ಹಾಗೆ ಕೂರಿಸಿ ನೋಡಿ. ನಿಂತು ಅಳತೆ ನೋಡಿದ್ದಕ್ಕೂ ಕೂತು ನೋಡಿದ್ದಕ್ಕೂ ವ್ಯತ್ಯಾಸ ಇರುತ್ತದೆ.

ಎರಡನೇದು ಗ್ರಿಲ್. ಬದಿಯಲ್ಲಿ ಸ್ಕ್ರೂ ಇರುತ್ತಲ್ಲ, ಅದನ್ನು ಸಡಿಲಿಸಿ ಗ್ರಿಲ್ ಕೆಳಗಿಳಿಸಿಕೊಳ್ಳುವ ಹುಡುಗರಿದ್ದಾರೆ. ಚೆನ್ನಾಗಿ ಕಾಣುತ್ತೆ ಅಂತ. 2014ರಲ್ಲಿ ಮ್ಯಾಂಚೆಸ್ಟರ್ ಟೆಸ್ಟ್‌ನಲ್ಲಿ ಇಂಗ್ಲೆಂಡಿನ ಸ್ಟುವರ್ಟ್ ಬ್ರಾಡ್‌ಗೆ ನಮ್ಮ ವರುಣ್ ಆರನ್ ಹಾಕಿದ ಬೌನ್ಸರ್ ಛಜ್ಜೆಗೂ ಗ್ರಿಲ್‌ಗೂ ನಡುವಿನ ಸಂದಿಯಲ್ಲೇ ನುಗ್ಗಿ ಮೂಗು ಮುರಿಯಿತು. ಅದೇ ವರ್ಷ ಕೌಂಟಿ ಪಂದ್ಯದಲ್ಲಿ ಕ್ರೇಗ್ ಕೀಸ್ವೆಟರ್‌ಗೂ ಗ್ರಿಲ್ ದಾಟಿ ಕಣ್ಣಿನ ಮೂಳೆಗೆ ಬಿತ್ತು. ಮುಂದಿನ ವರ್ಷ ಆಟವನ್ನೇ ಬಿಟ್ಟರು. ಇಬ್ಬರೂ ಹೆಲ್ಮೆಟ್ ಹಾಕಿದ್ದರು. ಮನೆಯಲ್ಲಿ ಒಂದು ಕೆಲಸ ಮಾಡಿ. ಮಗ ಆಡುವ ಚೆಂಡನ್ನೇ ತಗೊಂಡು ಆ ಸಂದಿಯಲ್ಲಿ ಒತ್ತಿ ನೋಡಿ. ಒಳಗೆ ಹೋದರೆ ಆ ಹೆಲ್ಮೆಟ್ ಹಾಕಿಸಬೇಡಿ.

ಮೂರನೇದು ಹಳೇ ಹೆಲ್ಮೆಟ್. ಕಳೆದ ತಿಂಗಳು ಒಬ್ಬರು ಗ್ರಿಲ್ ಮಾತ್ರ ಬದಲಿಸಿ ಕೊಡಿ ಅಂತ ತಂದರು. ಹೊರಗೆ ಬಟ್ಟೆ ಸುತ್ತಿದ ಹೆಲ್ಮೆಟ್, ನೋಡಲು ಚೆನ್ನಾಗೇ ಇತ್ತು. ಒಳಗಿನ ಸ್ಪಾಂಜ್ ಬಿಚ್ಚಿದೆ. ಕಿವಿಯ ಹತ್ತಿರ ಚಿಪ್ಪಿನಲ್ಲಿ ಕೂದಲೆಳೆಯಷ್ಟು ಸೀಳು, ಬೆರಳಿಟ್ಟು ಒತ್ತಿದರೆ ಚಿಟಿಚಿಟಿ ಅಂತ ಬಾಯಿ ಬಿಡುತ್ತಿತ್ತು. ಅದರ ಥರ್ಮೋಕೋಲ್ ಪದರ ಒಂದು ಕಡೆ ಅಪ್ಪಚ್ಚಿ. ಆ ಪದರ ಒಂದು ಸಲ ಕುಗ್ಗಿದರೆ ಮತ್ತೆ ಉಬ್ಬುವುದಿಲ್ಲ, ಎರಡನೇ ಪೆಟ್ಟಿಗೆ ಅಲ್ಲಿ ತಡೆಯೇ ಇಲ್ಲ. ಗ್ರಿಲ್ ಹಾಕಿ ಕೊಡಲು ನಾನು ಒಪ್ಪಲಿಲ್ಲ. ಜೋರು ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಹೇಗೇ ಕಾಣಲಿ, ಬದಲಿಸಿ. ಬಾಗಿದ ಗ್ರಿಲ್ ಸುತ್ತಿಗೆಯಲ್ಲಿ ತಟ್ಟಿ ನೇರ ಮಾಡಬೇಡಿ.

ಸ್ಟೀಲ್ ಗ್ರಿಲ್ ಸಾಕು. ಟೈಟಾನಿಯಂ ಹಗುರ, ಆದರೆ ಬೆಲೆ ಎಲ್ಲೋ ಹೋಗುತ್ತದೆ. ಆ ದುಡ್ಡಿನಲ್ಲಿ ಕುತ್ತಿಗೆ ಗಾರ್ಡ್ ತಗೊಳ್ಳಿ.

ದಾವಣಗೆರೆ ಪಿಟಿ ಮೇಷ್ಟ್ರು

ಎಲ್ಲ ಓದಿದೆ. ತಪ್ಪು ತಿಳಿಯಬೇಡಿ, ಇದೆಲ್ಲ ದುಡ್ಡಿರುವ ಅಕಾಡೆಮಿಗಳ ಮಾತು. ನಮ್ಮದು ಸರ್ಕಾರಿ ಹೈಸ್ಕೂಲ್. ಕಿಟ್ ಬ್ಯಾಗ್ ಒಂದೇ. ಅದರಲ್ಲಿ ಹೆಲ್ಮೆಟ್ ಎರಡು, ಎರಡೂ ದೊಡ್ಡವರ ಅಳತೆ. ಒಬ್ಬ ಔಟಾಗಿ ಬರುವಾಗ ಇನ್ನೊಬ್ಬ ಅರ್ಧ ದಾರಿಯಲ್ಲೇ ಹೆಲ್ಮೆಟ್ ಇಸಿದುಕೊಳ್ಳುತ್ತಾನೆ. ಬೆವರಲ್ಲಿ ಒದ್ದೆ. ಕೀಪರ್‌ಗೆ ಮೂರನೇದು ಎಲ್ಲಿಂದ ತರಲಿ? ನಾಳೆ ಹೆಲ್ಮೆಟ್ ಇಲ್ಲದೆ ಆಡಿಸಬಾರದು ಅಂತ ನಿಯಮ ಬಂದರೆ ಮೊದಲು ಆಟ ಬಿಡುವುದು ನಮ್ಮ ಮಕ್ಕಳೇ. ಚೆನ್ನಾಗಿ ಆಡುವ ಹುಡುಗರಿದ್ದಾರೆ ನಮ್ಮಲ್ಲಿ.

ಮೈಸೂರು ಕೋಚ್

ಮೇಷ್ಟ್ರೇ, ನಿಮ್ಮ ಕಷ್ಟ ಅರ್ಥವಾಗುತ್ತೆ. ಆದರೆ ಹೆಲ್ಮೆಟ್ ಇಲ್ಲ ಅಂದರೆ ಲೆದರ್ ಬಾಲ್‌ನಲ್ಲಿ ಆಡಿಸಬೇಡಿ, ಇಷ್ಟು ಮಾತ್ರ ನಾನು ಬಿಡಲಾರೆ. ಟೆನಿಸ್ ಬಾಲ್‌ನಲ್ಲಿ ಆಡಿಸಿ. ಆ ವಯಸ್ಸಿನಲ್ಲಿ ಕಲಿಯಬೇಕಾದ ಪಾದಚಲನೆ, ಕೈಯ ಮೃದುತನ ಎಲ್ಲ ಅದರಲ್ಲೇ ಕಲಿಸಬಹುದು. ಕಾರ್ಕ್ ಬಾಲ್ ಮಾತ್ರ ಬೇಡವೇ ಬೇಡ, ಅಗ್ಗ ಅಂತ ತರುತ್ತಾರೆ. ಮ್ಯಾಟ್ ಮೇಲೆ ಅದು ಪುಟಿಯುವ ರೀತಿ ಲೆದರ್‌ಗಿಂತ ಅಪಾಯ.

ಕೀಪರ್ ಹೆಲ್ಮೆಟ್ ಇಲ್ಲದ ದಿನ ಅವನನ್ನು ಹಿಂದೆ ನಿಲ್ಲಿಸಿ, ಸ್ಪಿನ್ನರ್‌ಗೂ. ಒಂದೆರಡು ಸ್ಟಂಪಿಂಗ್ ಹೋದರೆ ಹೋಗಲಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ ಅಲ್ವಾ?

ಹಳೇ ಅಂಪೈರ್

ಒಳ್ಳೆ ಮಾತು. ಮೇಷ್ಟ್ರೇ, ಟೂರ್ನಿ ನಡೆಸುವವರೇ ಪ್ರತಿ ಮೈದಾನದಲ್ಲಿ ಮೂರು ಅಳತೆಯ ಹೆಲ್ಮೆಟ್ ಇಡಲಿ ಅಂತ ಸಂಘಟಕರನ್ನು ಕೇಳಿ. ಟ್ರೋಫಿಗೆ, ಶಾಮಿಯಾನಕ್ಕೆ ದುಡ್ಡು ಸಿಗುತ್ತದೆ. ಇದಕ್ಕೂ ಸಿಗಬೇಕು. ಹಣೆಗೆ ಕಟ್ಟಲು ಪ್ರತಿ ಹುಡುಗ ಮನೆಯಿಂದ ಒಂದು ಕರ್ಚೀಫ್ ತಂದರೆ ಬೆವರಿನ ಸಮಸ್ಯೆಯೂ ಅರ್ಧ ಕಡಿಮೆ.

ಎಡಗೈ ಆಟಗಾರ್ತಿ

ನಾನು ಕಾಲೇಜು ತಂಡದಲ್ಲಿ ಆಡುತ್ತೇನೆ. ಹುಡುಗಿಯರ ಅಮ್ಮಂದಿರಿಗೆ ಒಂದು ಮಾತು. ಜಡೆ ಅಥವಾ ತುರುಬು ತಲೆಯ ಮೇಲ್ಭಾಗದಲ್ಲಿ ಕಟ್ಟಿದರೆ ಹೆಲ್ಮೆಟ್ ಹಿಂಬದಿ ಎತ್ತಿ ಮುಂದಕ್ಕೆ ಬಾಗುತ್ತದೆ. ಆಗ ಛಜ್ಜೆ ಕಣ್ಣಿಗೆ ಅಡ್ಡ, ಹಿಂದೆ ಕುತ್ತಿಗೆ ಪೂರ್ತಿ ಖಾಲಿ. ಕತ್ತಿನ ಬುಡದಲ್ಲಿ ಸಡಿಲ ಜಡೆ ಹಾಕಿ, ಅದು ಹೆಲ್ಮೆಟ್‌ನ ಕೆಳಗಿಂದ ಹೊರಗೆ ಬರಲಿ. ಕ್ಲಿಪ್, ಹೇರ್‌ಪಿನ್ ಎಲ್ಲ ತೆಗೆಸಿ, ಪೆಟ್ಟು ಬಿದ್ದರೆ ಅವೇ ಚುಚ್ಚುತ್ತವೆ. ಹೆಲ್ಮೆಟ್ ಅಳತೆ ನೋಡಲು ಹೋಗುವಾಗ ಆಡುವ ದಿನದ ಜಡೆಯಲ್ಲೇ ಹೋಗಿ.

ಕೊಡಗು ಹಾಕಿ

ಕ್ರಿಕೆಟ್ ಮಧ್ಯೆ ಹಾಕಿ ತರುತ್ತಿದ್ದೇನೆ, ಕ್ಷಮಿಸಿ. ಆದರೆ ಮುಖದ ರಕ್ಷಣೆ ಅಂದ ಮೇಲೆ ನಮ್ಮದನ್ನೂ ಹೇಳಲೇಬೇಕು. ನಮ್ಮ ಕಡೆ ಬೇಸಿಗೆ ಬಂತೆಂದರೆ ಊರೂರಲ್ಲಿ ಹಾಕಿ. ಚೆಂಡಿನ ತೂಕ ಕ್ರಿಕೆಟ್ ಚೆಂಡಿನಷ್ಟೇ, 156ರಿಂದ 163 ಗ್ರಾಂ. ಗೋಲ್‌ಕೀಪರ್ ಒಬ್ಬರನ್ನು ಬಿಟ್ಟರೆ ಉಳಿದವರ ಮುಖ ಖಾಲಿ.

ಅಪಾಯ ಜಾಸ್ತಿ ಪೆನಾಲ್ಟಿ ಕಾರ್ನರ್‌ನಲ್ಲಿ, ಅಂದರೆ ತಪ್ಪಿಗೆ ದಂಡವಾಗಿ ಎದುರಾಳಿಗೆ ಗೋಲಿನತ್ತ ಹೊಡೆಯಲು ಕೊಡುವ ಅವಕಾಶದಲ್ಲಿ. ಮೊದಲ ಹೊಡೆತ ಸ್ಟಿಕ್ ಬೀಸಿ ಹೊಡೆದದ್ದಾದರೆ ಗೋಲಿನ ಹಲಗೆಯ ಎತ್ತರ, ಅಂದರೆ 460 ಮಿಲಿಮೀಟರ್ ದಾಟುವಂತಿಲ್ಲ. ಚೆಂಡನ್ನು ಸ್ಟಿಕ್‌ನಲ್ಲಿ ಎಳೆದು ಚಿಮ್ಮಿಸುವ ಡ್ರ್ಯಾಗ್ ಫ್ಲಿಕ್‌ಗೆ ಆ ಮಿತಿ ಇಲ್ಲ, ಎಷ್ಟು ಎತ್ತರಕ್ಕೂ ಬರಬಹುದು. ಮೊದಲು ಶಾಲಾ ಮಕ್ಕಳಿಗೆ ಫ್ಲಿಕ್ ಬರುತ್ತಿರಲಿಲ್ಲ. ಈಗ ಮೊಬೈಲ್‌ನಲ್ಲಿ ನೋಡಿ 14 ವರ್ಷದವರೂ ಹಾಕುತ್ತಾರೆ. ತಡೆಯಲು ಎದುರು ಓಡಿ ಬರುವ ಮೊದಲ ಆಟಗಾರನ ಮುಖದ ಎತ್ತರಕ್ಕೇ ಬರುತ್ತದೆ.

ಕಾರ್ನರ್ ಡಿಫೆಂಡ್ ಮಾಡುವವರು ಮಾಸ್ಕ್ ಹಾಕಲು ನಿಯಮದಲ್ಲಿ ಅವಕಾಶ ಇದೆ. ಮುಖಕ್ಕೆ ಅಂಟಿದಂತೆ ಕೂರುವ ನುಣುಪಾದ ಮಾಸ್ಕ್ ಆಗಿರಬೇಕು, ಕಾರ್ನರ್ ಮುಗಿದ ಮೇಲೆ ತೆಗೆಯಬೇಕು. ಗೋಲಿನ ಬದಿಯಲ್ಲಿ ನಾಲ್ಕು ಮಾಸ್ಕ್ ಇಟ್ಟರೆ ಮುಗಿಯಿತು, ತಂಡಕ್ಕೆ ಒಂದು ಸೆಟ್ ಸಾಕು. ಆದರೂ ನಮ್ಮ ಶಾಲಾ ಪಂದ್ಯಗಳಲ್ಲಿ ಮಾಸ್ಕ್ ನೋಡುವುದು ಅಪರೂಪ. ದೊಡ್ಡವರು ಕೈಯಲ್ಲೇ ಮುಖ ಮುಚ್ಚಿಕೋ ಅಂತಾರೆ. ಹಾಗೆ ಮುಚ್ಚಿಕೊಂಡು ಬೆರಳು ಮುರಿದುಕೊಂಡ ಹುಡುಗರು ನಮ್ಮೂರಲ್ಲೇ ಇದ್ದಾರೆ. ನನಗೆ ಇದು ಸಂಕಟದ ವಿಷಯ.

ಹಲ್ಲಿನ ಡಾಕ್ಟರ್, ಹುಬ್ಬಳ್ಳಿ

ಹಾಕಿ ಆಡುವ ಮಕ್ಕಳು ಹಲ್ಲು ಕೈಯಲ್ಲಿ ಹಿಡಿದುಕೊಂಡು ನಮ್ಮ ಹತ್ತಿರ ಬರುತ್ತಾರೆ ನೋಡ್ರಿ. ಬಹಳ ಸಲ ತಡವಾಗಿರುತ್ತದೆ, ಅದೇ ಬೇಸರ. ದಯವಿಟ್ಟು ಇದನ್ನು ಎಲ್ಲ ಕೋಚ್‌ಗಳಿಗೂ ಕಳಿಸಿ.

ಪೆಟ್ಟಿಗೆ ಪೂರ್ತಿ ಹಲ್ಲು ಬೇರು ಸಮೇತ ಹೊರಗೆ ಬಂದರೆ ಅದನ್ನು ಹುಡುಕಿ. ಬೇರಿನ ಭಾಗ ಮುಟ್ಟದೆ ಬಿಳಿ ಭಾಗ ಹಿಡಿಯಿರಿ. ಮಣ್ಣಾಗಿದ್ದರೆ ಒಂದು ಸಲ ಹಾಲಲ್ಲಿ ಅದ್ದಿ ತೆಗೆಯಿರಿ, ಉಜ್ಜಬೇಡಿ. ಹುಡುಗ ಎಚ್ಚರವಾಗಿದ್ದರೆ ಅದೇ ಗೂಡಿನಲ್ಲಿ ಮೆಲ್ಲಗೆ ಕೂರಿಸಿ ಕರ್ಚೀಫ್ ಕಚ್ಚಿಸಿ. ಆಗದಿದ್ದರೆ ಹಲ್ಲನ್ನು ತಣ್ಣನೆಯ ಹಾಲಲ್ಲಿ ಹಾಕಿಕೊಂಡು ಬನ್ನಿ. ಬರೀ ನೀರಲ್ಲಿ ಹಾಕಬೇಡಿ, ಟಿಶ್ಯೂನಲ್ಲಿ ಸುತ್ತಬೇಡಿ. ಅರ್ಧ ಗಂಟೆಯೊಳಗೆ ಬಂದರೆ ಹಲ್ಲು ಉಳಿಯುವ ಆಸೆ ಇರುತ್ತದೆ. ಇದು ಖಾಯಂ ಹಲ್ಲಿಗೆ ಮಾತ್ರ. ಹಾಲುಹಲ್ಲಾದರೆ ವಾಪಸ್ ಕೂರಿಸಲೇಬಾರದು, ಒಳಗಿರುವ ಹೊಸ ಹಲ್ಲಿಗೆ ತೊಂದರೆ.

ಮೌತ್‌ಗಾರ್ಡ್ ಹಾಕಿಸಿ. ಬಿಸಿನೀರಲ್ಲಿ ಮೆತ್ತಗೆ ಮಾಡಿ ಕಚ್ಚಿ ಅಳತೆ ಕೂರಿಸುವುದು ಅಂಗಡಿಯಲ್ಲೇ ಸಿಗುತ್ತದೆ. ಹಲ್ಲಿಗೆ ತಂತಿ ಹಾಕಿಸಿಕೊಂಡ ಮಕ್ಕಳಿಗೆ ಮಾತ್ರ ಡಾಕ್ಟರ್ ಹತ್ತಿರವೇ ಮಾಡಿಸಬೇಕು.

ಕಣ್ಣಿನ ವಿಷಯ ನನ್ನದಲ್ಲ, ಆದರೆ ಮುಖದ ಮೂಳೆ ನೋಡುವವರು ನಾವೂ ಹೌದು. ಕಣ್ಣಿನ ಸುತ್ತ ಪೆಟ್ಟು ಬಿದ್ದು ಒಂದು ವಸ್ತು ಎರಡಾಗಿ ಕಂಡರೆ, ಮಂಜಾದರೆ, ಕಪ್ಪು ಗುಡ್ಡೆಯ ಮುಂದೆ ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಕಣ್ಣು ಒತ್ತಬೇಡಿ, ಉಜ್ಜಲು ಬಿಡಬೇಡಿ. ಮೂಗಿನಿಂದ ಜೋರಾಗಿ ಸಿಂಬಳ ತೆಗೆಸಬೇಡಿ. ಕಣ್ಣಿನ ಗೂಡಿನ ಮೂಳೆ ಬಿರುಕು ಬಿಟ್ಟಿದ್ದರೆ ಹಾಗೆ ಮಾಡಿದಾಗ ಗಾಳಿ ಒಳಗೆ ನುಗ್ಗುತ್ತದೆ. ಕನ್ನಡಕದ ಮಕ್ಕಳಿಗೆ ಗಾಜಿನ ಲೆನ್ಸ್ ಹಾಕಿಸಿ ಆಡಿಸಬೇಡಿ, ಪಾಲಿಕಾರ್ಬೊನೇಟ್ ಲೆನ್ಸ್ ಕೇಳಿ.

ಶಿವಮೊಗ್ಗ ಅಪ್ಪ

ಡಾಕ್ಟ್ರೇ, ನನ್ನ ಮಗನಿಗೂ ಕನ್ನಡಕ ಇದೆ. ಇವತ್ತೇ ನೋಡುತ್ತೇನೆ. ಕುತ್ತಿಗೆ ಗಾರ್ಡ್ ಬಗ್ಗೆ ಅಂಗಡಿಯವರು ಹೇಳಿದರಲ್ಲ, ಅದು ನಿಜವಾಗಲೂ ಬೇಕಾ?

ಲೆಸ್ಟರ್ ಕನ್ನಡಿಗ

ಬೇಕು ಸರ್. 2014ರ ನವೆಂಬರ್ 25ರಂದು ಸಿಡ್ನಿಯಲ್ಲಿ ಆಸ್ಟ್ರೇಲಿಯಾದ ಬ್ಯಾಟರ್ ಫಿಲಿಪ್ ಹ್ಯೂಸ್‌ಗೆ ಚೆಂಡು ಬಿದ್ದದ್ದು ಹೆಲ್ಮೆಟ್ ಮುಗಿದ ಜಾಗದಲ್ಲಿ, ಕುತ್ತಿಗೆಗೆ. ಎರಡು ದಿನಕ್ಕೆ ತೀರಿಕೊಂಡರು. ವಯಸ್ಸು 25. ಹೆಲ್ಮೆಟ್ ಹಿಂದೆ ಸಿಕ್ಕಿಸುವ ಗಾರ್ಡ್ ಬಳಕೆಗೆ ಬಂದದ್ದು ಆಮೇಲೆ. ಆಸ್ಟ್ರೇಲಿಯಾದ ಮಂಡಳಿ ತನ್ನ ಆಟಗಾರರಿಗೆ ಅದನ್ನು 2023ರ ಅಕ್ಟೋಬರ್ 1ರಿಂದ ಕಡ್ಡಾಯ ಮಾಡಿತು. 2025ರ ಅಕ್ಟೋಬರ್ ಕೊನೆಯಲ್ಲಿ ಮೆಲ್ಬರ್ನ್‌ನಲ್ಲಿ 17 ವರ್ಷದ ಹುಡುಗನೊಬ್ಬ ನೆಟ್ಸ್‌ನಲ್ಲಿ ಸೈಡ್‌ಆರ್ಮ್‌ನಿಂದ (ಚೆಂಡು ಜೋರಾಗಿ ಎಸೆಯುವ ಉದ್ದ ಹಿಡಿಕೆಯ ಸಾಧನ) ಎಸೆದ ಚೆಂಡು ಕುತ್ತಿಗೆಗೆ ಬಿದ್ದು ತೀರಿಕೊಂಡ. ತಲೆಗೆ ಹೆಲ್ಮೆಟ್ ಇತ್ತು, ಕುತ್ತಿಗೆ ಗಾರ್ಡ್ ಇರಲಿಲ್ಲ.

ಆ ಸುದ್ದಿ ಓದಿದ ದಿನ ನಾನು ಮಗಳ ಹೆಲ್ಮೆಟ್‌ಗೆ ಗಾರ್ಡ್ ತರಿಸಿದೆ. ಆ ಹುಡುಗನ ಅಪ್ಪ ಅಮ್ಮನನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಮೈಸೂರು ಕೋಚ್

ಸೈಡ್‌ಆರ್ಮ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಭಾರತ ತಂಡಕ್ಕೆ ಅದರಲ್ಲಿ ಚೆಂಡು ಎಸೆದು ಅಭ್ಯಾಸ ಕೊಡುವವರು ನಮ್ಮ ಕುಮಟಾದ ರಘು. ಅವರನ್ನು ನೋಡಿ ಈಗ ಎಲ್ಲ ಅಕಾಡೆಮಿಗೂ ಆ ಉದ್ದ ಹಿಡಿಕೆಯ ಸಾಧನ ಬಂದಿದೆ. ಅವರು ಅದನ್ನು ಕಲಿಯಲು ವರ್ಷಗಟ್ಟಲೆ ಬೆವರು ಹರಿಸಿದವರು. ಎದುರಿಗಿರುವವರು ಕೊಹ್ಲಿ, ರೋಹಿತ್‌ರಂಥವರು. ಇಲ್ಲಿ ಹೊಸ ಅಸಿಸ್ಟೆಂಟ್ ಕೋಚ್ ಹತ್ತು ವರ್ಷದ ಮಗುವಿಗೆ ಹದಿನೈದು ಗಜದಿಂದ ಎಸೆಯುತ್ತಾನೆ. ಕೈ ಸ್ವಲ್ಪ ತಪ್ಪಿದರೂ ಚೆಂಡು ನೆಲಕ್ಕೆ ಬೀಳದೆ ನೇರ ತಲೆಗೆ ಬರುತ್ತದೆ. ನನ್ನ ನೆಟ್ಸ್‌ನಲ್ಲಿ 14 ವರ್ಷದೊಳಗಿನವರಿಗೆ ಸೈಡ್‌ಆರ್ಮ್ ಇಲ್ಲ. ಕೈಯಲ್ಲೇ ಎಸೆಯುತ್ತೇವೆ. ಅಕಾಡೆಮಿ ಸೇರಿಸುವ ಮೊದಲು ಇದನ್ನೂ ಕೇಳಿ.

ಹಳೇ ಅಂಪೈರ್

ತಲೆಗೆ ಪೆಟ್ಟು ಬಿದ್ದ ಮೇಲೆ "ಏನೂ ಆಗಿಲ್ಲ, ಆಡ್ತೀನಿ" ಅನ್ನುವ ಮಗುವಿನ ಮಾತು ನಂಬಬೇಡಿ. 2019ರಲ್ಲಿ ಲಾರ್ಡ್ಸ್‌ನಲ್ಲಿ ಇಂಗ್ಲೆಂಡಿನ ಆರ್ಚರ್ ಚೆಂಡು ತಿಂದ ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಪರೀಕ್ಷೆ ಪಾಸಾಗಿ ಮತ್ತೆ ಬ್ಯಾಟಿಂಗ್‌ಗೆ ಬಂದರು. ಮರುದಿನ ಬೆಳಗ್ಗೆ ತಲೆನೋವು, ಮಂಪರು. ಅವರ ಜಾಗದಲ್ಲಿ ಲಬುಶೇನ್ ಬಂದರು, ಟೆಸ್ಟ್ ಇತಿಹಾಸದಲ್ಲಿ ತಲೆಪೆಟ್ಟಿನ ಕಾರಣಕ್ಕೆ ಬಂದ ಮೊದಲ ಬದಲಿ ಆಟಗಾರ. ದೊಡ್ಡ ಡಾಕ್ಟರ್‌ಗಳ ಎದುರೇ ಹಾಗಾದ ಮೇಲೆ ಶಾಲಾ ಮೈದಾನದಲ್ಲಿ ನಾವು ಏನು ಕಂಡುಹಿಡಿಯಬಲ್ಲೆವು? ಆ ದಿನದ ಆಟ ಅವನಿಗೆ ಮುಗಿಯಿತು ಅಂತ ಹೇಳಿಬಿಡಿ. ವಾಂತಿ, ತೂಕಡಿಕೆ, ಕೇಳಿದ್ದನ್ನೇ ಮತ್ತೆ ಕೇಳುವುದು ಕಂಡರೆ ಕಾಯದೆ ಆಸ್ಪತ್ರೆಗೆ.

ಕೀಪರ್ ಅಮ್ಮ, ಬೆಂಗಳೂರು

ಇಷ್ಟೊಂದು ತಿಳಿಸಿಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾವು ಕೆಲವು ಅಪ್ಪ ಅಮ್ಮಂದಿರು ಸೇರಿ ಕೋಚ್ ಹತ್ತಿರ ಮಾತಾಡಿದೆವು. ಅಂಪೈರ್ ಸರ್ ಹೇಳಿದ 2017ರ ನಿಯಮ ತೋರಿಸಿದಾಗ ಅವರು ಓದಿ ನೋಡಿದರು, ಕ್ಯಾಚ್ ಮಾತು ಅಲ್ಲಿಗೆ ನಿಂತಿತು. ಹೊಲಿಗೆ ಬಿದ್ದ ಹುಡುಗನ ಅಪ್ಪನೂ ಬಂದಿದ್ದರು. ಅವರು ಜಗಳ ಆಡಲಿಲ್ಲ, ಮಗ ಈಗ ಕೀಪಿಂಗ್ ಬೇಡ ಅಂತಿದ್ದಾನೆ ಅಂತ ಮಾತ್ರ ಹೇಳಿದರು. ಕೋಚ್ ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿಕೊಂಡರು.

ಇನ್ನು ಮುಂದೆ ಸ್ಟಂಪ್ಸ್ ಹತ್ತಿರ ನಿಲ್ಲುವ ಕೀಪರ್‌ಗೆ ನೆಟ್ಸ್‌ನಲ್ಲೂ ಪಂದ್ಯದಲ್ಲೂ ಹೆಲ್ಮೆಟ್. ಇಲ್ಲದಿದ್ದರೆ ಹಿಂದೆ ನಿಲ್ಲಬೇಕು. ಶಾರ್ಟ್ ಲೆಗ್, ಸಿಲ್ಲಿ ಪಾಯಿಂಟ್‌ನಲ್ಲಿ ಮಕ್ಕಳನ್ನು ನಿಲ್ಲಿಸುವುದಿಲ್ಲ. ಇಷ್ಟನ್ನು ಬೋರ್ಡ್ ಮೇಲೆ ಬರೆಸಿದ್ದಾರೆ. ಸೈಡ್‌ಆರ್ಮ್ ಬಗ್ಗೆ ಮಾತ್ರ ಇನ್ನೂ ಒಪ್ಪಿಲ್ಲ, ಅದನ್ನು ಬಿಡುವುದಿಲ್ಲ ನಾವು. ಕುತ್ತಿಗೆ ಗಾರ್ಡ್ ಅವರವರ ಇಷ್ಟ ಅಂದರು, ನಾನು ಮಗನಿಗೆ ತಗೊಂಡೆ.

ಮನೆಯಲ್ಲಿ ಹಳೇ ಹೆಲ್ಮೆಟ್‌ನ ಸಂದಿಗೆ ಚೆಂಡು ಒತ್ತಿ ನೋಡಿದೆ. ಸಲೀಸಾಗಿ ಒಳಗೆ ಹೋಯಿತು. ಇಷ್ಟು ದಿನ ಅದರಲ್ಲೇ ಬ್ಯಾಟ್ ಮಾಡುತ್ತಿದ್ದ.

ದಾವಣಗೆರೆ ಮೇಷ್ಟ್ರೇ, ನಮ್ಮ ಅಕಾಡೆಮಿಯ ಮಕ್ಕಳಿಗೆ ಚಿಕ್ಕದಾಗಿರುವ, ಆದರೆ ಪೆಟ್ಟು ತಿನ್ನದ ಹೆಲ್ಮೆಟ್‌ಗಳನ್ನು ಒಟ್ಟು ಮಾಡುತ್ತಿದ್ದೇವೆ. ಚೀಟಿ ಇರುವುದು, ಸಂದಿ ಸರಿ ಇರುವುದು ಮಾತ್ರ ಆರಿಸುತ್ತೇವೆ. ನಿಮ್ಮ ಕೀಪರ್‌ನ ತಲೆ ಅಳತೆ ಕಳಿಸಿ.

ದಾವಣಗೆರೆ ಪಿಟಿ ಮೇಷ್ಟ್ರು

ಬಹಳ ಉಪಕಾರವಾಯಿತು ಮೇಡಂ. ನಾಳೆ ಪ್ರಾರ್ಥನೆ ಮುಗಿದ ಮೇಲೆ ಟೇಪ್ ಹಿಡಿದು ಅಳೆದು ಕಳಿಸುತ್ತೇನೆ. ಕೀಪರ್‌ಗಳು ಇಬ್ಬರಿದ್ದಾರೆ, ಒಬ್ಬಳು ಏಳನೇ ಕ್ಲಾಸಿನ ಹುಡುಗಿ. ಇಬ್ಬರದ್ದೂ ಕಳಿಸಲಾ?

ಕೀಪರ್ ಅಮ್ಮ, ಬೆಂಗಳೂರು

ಇಬ್ಬರದ್ದೂ ಕಳಿಸಿ ಮೇಷ್ಟ್ರೇ. ಹುಡುಗಿಯದ್ದು ಆಡುವ ದಿನದ ಜಡೆಯಲ್ಲೇ ಅಳೆಯಿರಿ.